ಪಾಲುಪಟ್ಟಿಯ ಅಂಕಿ, ಮೀಟರಿನ ಮುದ್ರೆ: ಟ್ಯಾಂಪರಿಂಗ್ ಎಂದಾಗ ಕಾನೂನು ಏನನ್ನು ನೋಡುತ್ತದೆ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕೃಷಿಕರೊಬ್ಬರು ಬರೆದ ದೀರ್ಘ ಪತ್ರದ ಸಾರಾಂಶವಿದು. “1974ರಲ್ಲಿ ಅಜ್ಜನ ಆಸ್ತಿ ಪಾಲಾದಾಗ ಕನ್ನಡದಲ್ಲಿ ಬರೆದು ನೋಂದಾಯಿಸಿದ ಪಾಲುಪಟ್ಟಿ ನಮ್ಮಲ್ಲಿದೆ. ತಂದೆಯ ಪಾಲಿಗೆ ಬಂದ ಅಡಿಕೆ ತೋಟದ ಸರ್ವೆ ನಂಬ್ರದ ಉಪವಿಭಾಗದ ಅಂಕಿ ಮೊದಲು 3 ಎಂದಿದ್ದು, ಬೇರೆ ಶಾಯಿಯಲ್ಲಿ 8 ಎಂದು ತಿದ್ದಲಾಗಿದೆ. ಪಕ್ಕದಲ್ಲಿ ಯಾರ ಕಿರುಸಹಿಯೂ ಇಲ್ಲ. ತೋಟ ಕೊಳ್ಳಲು ಬಂದವರ ವಕೀಲರು ‘ದಸ್ತಾವೇಜು ಟ್ಯಾಂಪರ್ ಆಗಿದೆ’ ಎಂದು ಬರೆದುಕೊಟ್ಟಿದ್ದಾರೆ. ಬದುಕಿರುವ ಚಿಕ್ಕಪ್ಪನಿಂದ ಈಗ ಅಂಕಿಯ ಪಕ್ಕ ಸಹಿ ಹಾಕಿಸಿಬಿಡಿ ಎಂದು ಬಂಧುಗಳು ಹೇಳುತ್ತಾರೆ. ಇದೇ ಹೊತ್ತಿಗೆ ಪಂಪ್ ಶೆಡ್ಡಿನ ವಿದ್ಯುತ್ ಮೀಟರಿನ ಮುದ್ರೆಯ ತಂತಿ ತುಂಡಾಗಿರುವುದನ್ನು ಕಂಡ ಅಧಿಕಾರಿಗಳು ಮಹಜರಿನಲ್ಲಿ ‘ಮೀಟರ್ ಟ್ಯಾಂಪರ್ಡ್’ ಎಂದು ಬರೆದು, ಇಮ್ಮಡಿ ದರದ ತಾತ್ಕಾಲಿಕ ಬಿಲ್ಲು ಕಳಿಸಿದ್ದಾರೆ. ಮುದ್ರೆ ಬಹಳ ಕಾಲದಿಂದ ಹಾಗೆಯೇ ಇತ್ತೆಂದು ರೀಡಿಂಗ್ ತೆಗೆಯಲು ಬರುವವರು ಆಡಿದ ಮಾತು ನನ್ನ ಫೋನಿನಲ್ಲಿ ರೆಕಾರ್ಡ್ ಆಗಿದೆ. ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ಕಳಿಸಬಹುದೇ? ಟ್ಯಾಂಪರಿಂಗ್ ಎಂದರೆ ನಿಜವಾಗಿ ಏನು? ನಾವು ಅಪರಾಧ ಮಾಡಿದಂತಾಯಿತೇ?”

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಪತ್ರದ ಉದ್ದಕ್ಕೂ ಇರುವ ಆತಂಕ ಅದರದ್ದೇ. ವಕೀಲರ ಅಭಿಪ್ರಾಯದಲ್ಲೋ ಅಧಿಕಾರಿಯ ಮಹಜರಿನಲ್ಲೋ ‘ಟ್ಯಾಂಪರ್’ ಎಂದು ಬರೆದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಆ ಬರಹ ಹೇಳುವುದು ವಸ್ತುವಿನ ಈಗಿನ ಸ್ಥಿತಿಯನ್ನು: ಅಂಕಿ ತಿದ್ದಿದೆ, ತಂತಿ ತುಂಡಾಗಿದೆ. ಆ ಸ್ಥಿತಿಗೆ ಕಾರಣ ಯಾರು, ಅವರಿಗೆ ಹಾಗೆ ಮಾಡುವ ಅಧಿಕಾರವಿತ್ತೇ, ಯಾವಾಗ ಮಾಡಿದರು, ಯಾವ ಉದ್ದೇಶದಿಂದ ಮಾಡಿದರು, ಆದ ಬದಲಾವಣೆ ಆ ವಸ್ತುವಿನ ಮುಖ್ಯ ಪ್ರಯೋಜನವನ್ನೇ ಮುಟ್ಟುವಂಥದ್ದೇ ಎಂಬುದನ್ನು ವಿಚಾರಿಸಿದ ಮೇಲೆಯೇ ಕಾನೂನು ತನ್ನ ತೀರ್ಮಾನಕ್ಕೆ ಬರುತ್ತದೆ. ನಿಮ್ಮ ಪತ್ರದಲ್ಲಿರುವ ಸಂಗತಿಗಳಷ್ಟನ್ನೇ ನಂಬಿ ಹೇಳುವುದಾದರೆ, ಇದುವರೆಗೆ ನೀವು ಯಾವ ಅಪರಾಧವನ್ನೂ ಮಾಡಿದಂತೆ ಕಾಣುವುದಿಲ್ಲ. ಆದರೆ ಇನ್ನು ಮಾಡಬೇಕೆಂದಿರುವ ಎರಡು ಕೆಲಸಗಳು, ಅಂದರೆ ಹಳೆಯ ಪಾಲುಪಟ್ಟಿಗೆ ಈಗ ಸಹಿ ಸೇರಿಸುವುದು ಮತ್ತು ರೆಕಾರ್ಡಿಂಗನ್ನು ಕತ್ತರಿಸುವುದು, ನಿಮ್ಮನ್ನು ನಿಜವಾದ ಟ್ಯಾಂಪರಿಂಗಿನ ಆರೋಪದ ಬಾಯಿಗೆ ಒಡ್ಡುತ್ತವೆ. ಇವೆರಡನ್ನೂ ದಯವಿಟ್ಟು ಮಾಡಬೇಡಿ.

ದಿನಬಳಕೆಯಲ್ಲಿ ನಾವು ಈ ಶಬ್ದವನ್ನು ಬಹಳ ಸಡಿಲವಾಗಿ ಆಡುತ್ತೇವೆ. ಮುಟ್ಟಬಾರದ್ದನ್ನು ಯಾರೋ ಮುಟ್ಟಿದ್ದಾರೆ, ಗುಟ್ಟಾಗಿ ಕೈಯಾಡಿಸಿದ್ದಾರೆ ಎಂಬ ಗುಮಾನಿಯಷ್ಟೇ ಅದರಲ್ಲಿರುತ್ತದೆ. 2024ರ ಏಪ್ರಿಲಿನಲ್ಲಿ ನಮ್ಮ ಕಾಸರಗೋಡಿನಲ್ಲಿ ಲೋಕಸಭಾ ಚುನಾವಣೆಯ ಅಣಕು ಮತದಾನ ನಡೆದಾಗ ಕೆಲವು ಯಂತ್ರಗಳು ಒಂದು ಪಕ್ಷಕ್ಕೆ ಹೆಚ್ಚುವರಿ ಮತ ತೋರಿಸಿದವೆಂಬ ದೂರು ಬಂತು. ಮರುದಿನವೇ ಅದು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಸ್ತಾಪವಾಯಿತು. ಆ ವರದಿ ಸುಳ್ಳೆಂದು ಚುನಾವಣಾ ಆಯೋಗ ನ್ಯಾಯಾಲಯಕ್ಕೆ ತಿಳಿಸಿತು. ಆ ವಾರ ನಮ್ಮ ಚಹಾದಂಗಡಿಗಳಲ್ಲಿ ‘ಟ್ಯಾಂಪರಿಂಗ್’ ಎಂದವರೂ ‘ಏನೂ ಇಲ್ಲ’ ಎಂದವರೂ ಗುಮಾನಿಯ ಮಟ್ಟದಲ್ಲೇ ವಾದಿಸುತ್ತಿದ್ದರು. ಏಪ್ರಿಲ್ 26ರಂದು ಅದೇ ಮೊಕದ್ದಮೆಯಲ್ಲಿ ತೀರ್ಪು ನೀಡಿದ ನ್ಯಾಯಾಲಯವು ಎಲ್ಲ ವಿವಿಪ್ಯಾಟ್ ಚೀಟಿಗಳನ್ನೂ (ಹಾಕಿದ ಮತವನ್ನು ಮುದ್ರಿಸಿ ತೋರಿಸುವ ಚೀಟಿಗಳು) ಎಣಿಸಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ ಚಿಹ್ನೆಗಳನ್ನು ತುಂಬುವ ಘಟಕಗಳನ್ನು ಮುದ್ರೆ ಹಾಕಿ ಫಲಿತಾಂಶದ ಬಳಿಕ 45 ದಿನ ಕಾಪಿಡಬೇಕೆಂದೂ, ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಗಳು 7 ದಿನಗಳೊಳಗೆ ಕೋರಿದರೆ ಶೇಕಡಾ 5ರಷ್ಟು ಯಂತ್ರಗಳ ಸ್ಮೃತಿಯನ್ನು ಪರಿಶೀಲಿಸಬೇಕೆಂದೂ ಆದೇಶಿಸಿತು. ಕಾನೂನು ನಡೆಯುವ ದಾರಿ ಇದು. ಗುಮಾನಿಯನ್ನು ಅದು ಮುದ್ರೆ, ಕಾಲಮಿತಿ ಮತ್ತು ಪರಿಶೀಲನೆಯಾಗಿ ಮಾರ್ಪಡಿಸುತ್ತದೆ.

ಕ್ರಿಕೆಟ್ಟಿನಲ್ಲಿ ಈ ಗೆರೆ ಇನ್ನೂ ಸ್ಪಷ್ಟ. ಚೆಂಡಿನ ಸ್ಥಿತಿ ಬದಲಾಗುವುದೇ ತಪ್ಪೆನ್ನುವುದಾದರೆ ಆಟವೇ ನಡೆಯದು. ಬಟ್ಟೆಗೆ ಉಜ್ಜಿ ಹೊಳಪೇರಿಸಬಹುದು, ಒದ್ದೆಯಾದರೆ ಅಂಪೈರ್ ಒಪ್ಪಿದ ಟವೆಲಿನಿಂದ ಒರೆಸಬಹುದು, ಮಣ್ಣು ಹತ್ತಿದರೆ ಅಂಪೈರ್ ಕಣ್ಣೆದುರಿನಲ್ಲಿ ತೆಗೆಯಬಹುದು. 2018ರಲ್ಲಿ ಕೇಪ್‌ಟೌನಿನಲ್ಲಿ ಮರಳು ಕಾಗದದಿಂದ ಉಜ್ಜಲು ಹೋದಾಗ ಆಸ್ಟ್ರೇಲಿಯದ ಆಟಗಾರರಾದ ಸ್ಮಿತ್ ಮತ್ತು ವಾರ್ನರ್ ತಲಾ 12 ತಿಂಗಳು, ಬ್ಯಾಂಕ್ರಾಫ್ಟ್ 9 ತಿಂಗಳು ನಿಷೇಧಕ್ಕೊಳಗಾದರು. ಎರಡೂ ಸಂದರ್ಭಗಳಲ್ಲಿ ಚೆಂಡನ್ನು ಉಜ್ಜಲಾಗಿದೆ. ನಿಯಮ ಕೊಟ್ಟ ಅನುಮತಿ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಅಡಿಕೆ, ಕಾಳುಮೆಣಸು ಮಾರುವ ನಮಗೆ ಇನ್ನೂ ಹತ್ತಿರದ ಉದಾಹರಣೆ ತಕ್ಕಡಿಯದು. 2009ರ ಕಾನೂನಾತ್ಮಕ ಮಾಪನಶಾಸ್ತ್ರ ಅಧಿನಿಯಮದ 26ನೇ ಕಲಮು, ವಂಚಿಸುವ ಉದ್ದೇಶದಿಂದ ತೂಕ ಅಥವಾ ಅಳತೆಯ ಸಾಧನವನ್ನು ಬದಲಿಸುವುದನ್ನು ಶಿಕ್ಷಾರ್ಹವಾಗಿಸುತ್ತದೆ. ಪರಿಶೀಲನೆಯಲ್ಲಿ ಕಂಡ ದೋಷವನ್ನು ಸರಿಪಡಿಸಲು ಮಾಡಿದ ಬದಲಾವಣೆಯನ್ನು ಅದೇ ಕಲಮು ಬಿಟ್ಟುಕೊಡುತ್ತದೆ. ತಿದ್ದುಪಡಿ ಮತ್ತು ಟ್ಯಾಂಪರಿಂಗ್ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ನಿಂತಿರುವ ಈ ಕಲಮನ್ನು ನಿಮ್ಮ ಪ್ರಶ್ನೆಯ ಮಟ್ಟಿಗೆ ಮಾರ್ಗದರ್ಶಿ ಎಂದೇ ತಿಳಿಯುತ್ತೇನೆ.

ಟ್ಯಾಂಪರಿಂಗ್ ಎಂಬುದಕ್ಕೆ ಎಲ್ಲ ಸಂದರ್ಭಗಳಿಗೂ ಹೊಂದುವ ಒಂದು ವ್ಯಾಖ್ಯೆ ನಮ್ಮ ದಂಡಸಂಹಿತೆಯಲ್ಲಿ ಇಲ್ಲ. ಹಳೆಯ ಭಾರತೀಯ ದಂಡಸಂಹಿತೆಯ 489ನೇ ಕಲಮಿನ ಶೀರ್ಷಿಕೆಯಲ್ಲಿ, ಸ್ವತ್ತಿನ ಗುರುತನ್ನು ಅಳಿಸುವ ಅಥವಾ ಕೆಡಿಸುವ ಸಂದರ್ಭದಲ್ಲಿ, ಈ ಶಬ್ದ ಬರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 65ನೇ ಕಲಮು ಕಂಪ್ಯೂಟರಿನ ಮೂಲಸಂಕೇತವನ್ನು ತಿಳಿದೂ ತಿಳಿದೂ ಮರೆಮಾಚುವ, ನಾಶಪಡಿಸುವ, ಬದಲಿಸುವ ಕೃತ್ಯಕ್ಕೆ ಇದೇ ಹೆಸರಿಟ್ಟು 3 ವರ್ಷದವರೆಗಿನ ಸೆರೆವಾಸ ಅಥವಾ 2 ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಜಾಮೀನು ಕೊಡುವಾಗ ನ್ಯಾಯಾಲಯಗಳು ‘ಸಾಕ್ಷ್ಯವನ್ನು ಟ್ಯಾಂಪರ್ ಮಾಡಕೂಡದು’ ಎಂಬ ಷರತ್ತು ಹಾಕುವುದನ್ನು ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ದಸ್ತಾವೇಜಿನ ವಿಷಯದಲ್ಲಿ ಮಾತ್ರ ಶಾಸನ ಈ ಶಬ್ದವನ್ನು ಬಳಸುವುದೇ ಇಲ್ಲ. ಅಲ್ಲಿ ಅದು ಸುಳ್ಳು ದಸ್ತಾವೇಜು, ನಕಲಿ ಸೃಷ್ಟಿ ಎಂಬ ಪರಿಭಾಷೆಯಲ್ಲಿ ಮಾತನಾಡುತ್ತದೆ. ಆದ್ದರಿಂದ ಯಾರಾದರೂ ಟ್ಯಾಂಪರಿಂಗ್ ಎಂದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಾನೂನಿನ ಯಾವ ಕಲಮಿನಡಿ ಎಂಬುದು.

ಇನ್ನು ಪಾಲುಪಟ್ಟಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 335ನೇ ಕಲಮು (ಅದಕ್ಕೆ ಹಿಂದಿನ ಕೃತ್ಯಗಳಿಗೆ ಹಳೆಯ ದಂಡಸಂಹಿತೆಯ 464ನೇ ಕಲಮು) ಹೇಳುವುದಿಷ್ಟು: ದಸ್ತಾವೇಜು ಒಮ್ಮೆ ಸಿದ್ಧವಾದ ಬಳಿಕ, ಕಾನೂನುಬದ್ಧ ಅಧಿಕಾರವಿಲ್ಲದೆ, ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ, ಅದರ ಯಾವುದಾದರೂ ಮುಖ್ಯ ಭಾಗವನ್ನು ಹೊಡೆದುಹಾಕಿಯೋ ಬೇರೆ ರೀತಿಯಲ್ಲೋ ಬದಲಿಸಿದವನು ಸುಳ್ಳು ದಸ್ತಾವೇಜನ್ನು ಸೃಷ್ಟಿಸಿದವನಾಗುತ್ತಾನೆ. ಇದರಲ್ಲಿ ಒಂದೊಂದು ಮಾತಿಗೂ ತೂಕವಿದೆ. ಸಿದ್ಧವಾದ ಬಳಿಕ ಎಂದಿದೆ. ಬರಹಗಾರನು ಬರೆಯುತ್ತಿದ್ದಾಗಲೇ ಸರ್ವೆ ಕಾಗದ ನೋಡಿ 3ನ್ನು 8 ಮಾಡಿದ್ದರೆ, ಎಲ್ಲರೂ ಸಹಿ ಹಾಕುವುದಕ್ಕೆ ಮೊದಲೇ ಅದು ಮುಗಿದಿದ್ದರೆ, ಈ ಕಲಮು ಅದನ್ನು ಮುಟ್ಟುವುದಿಲ್ಲ. ಅಪ್ರಾಮಾಣಿಕವಾಗಿ ಎಂದಿದೆ, ಯಾರಿಗಾದರೂ ಅಕ್ರಮ ಲಾಭ ಅಥವಾ ಅಕ್ರಮ ನಷ್ಟ ಉಂಟುಮಾಡುವ ಉದ್ದೇಶ ಇರಬೇಕು. ಮುಖ್ಯ ಭಾಗ ಎಂದಿದೆ; ಸಿವಿಲ್ ವ್ಯವಹಾರದಲ್ಲಿ ಈ ಮಾತಿನ ಅರ್ಥವನ್ನು 1970ರ ಕಲಿಯಣ್ಣ ಗೌಂಡರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವಿವರಿಸಿದೆ. ದಸ್ತಾವೇಜಿನ ಮೂಲರೂಪದಿಂದ ತಿಳಿದುಬರುವ ಹಕ್ಕು, ಹೊಣೆ ಅಥವಾ ಕಾನೂನುಸ್ಥಿತಿಯನ್ನು ವ್ಯತ್ಯಾಸಗೊಳಿಸುವ ಬದಲಾವಣೆಯೇ ಮುಖ್ಯ ಬದಲಾವಣೆ ಎಂಬುದು ಅದರ ತಾತ್ಪರ್ಯ.

ಸರ್ವೆ ನಂಬ್ರದ ಉಪವಿಭಾಗ ಮುಖ್ಯ ಭಾಗವೇ? ಸಾಮಾನ್ಯವಾಗಿ ಹೌದು. ಆದರೆ ನಿಮ್ಮ ಪಾಲುಪಟ್ಟಿಯ ಷೆಡ್ಯೂಲಿನಲ್ಲಿ ಚಕ್ಕುಬಂದಿ ಇದ್ದೇ ಇರುತ್ತದೆ. ಮೂಡಕ್ಕೆ ತೋಡು, ತೆಂಕಕ್ಕೆ ಇಂಥವರ ಪಾಲಿನ ಅಗಳು, ಪಡುವಕ್ಕೆ ಗುಡ್ಡದ ಗಡಿ, ಬಡಗಕ್ಕೆ ದಾರಿ ಎಂದು ನಾಲ್ಕೂ ದಿಕ್ಕು ಸ್ಪಷ್ಟವಾಗಿ ಬರೆದಿದ್ದು, ಆ ಗಡಿಗಳೊಳಗಿನ ತೋಟವೇ ನಿಮ್ಮ ಸ್ವಾಧೀನದಲ್ಲಿರುವುದಾದರೆ, ಅಂಕಿಯ ಮತ್ತು ಗಡಿಯ ನಡುವೆ ವಿರೋಧ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಗಡಿಯನ್ನೇ ನೆಚ್ಚುತ್ತವೆ. ಆಗ 3ಕ್ಕೂ 8ಕ್ಕೂ ಇರುವ ಅಂತರ ಹಕ್ಕಿನ ಅಂತರವಾಗದೆ ವಿವರಣೆಯ ತಪ್ಪಾಗಿ ಉಳಿಯುವ ಸಾಧ್ಯತೆ ಹೆಚ್ಚು. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಆ ಕಾಲದ ಸರ್ವೆ ನಂಬ್ರ, ನಂತರದ ಉಪವಿಭಾಗ, ಭೂಸುಧಾರಣೆಯ ಬಳಿಕ ಲ್ಯಾಂಡ್ ಟ್ರಿಬ್ಯೂನಲ್ಲಿನ ಕಾಗದಗಳು, ಅದರ ಮೇಲೆ ರೀಸರ್ವೆ ನಂಬ್ರ, ಹೀಗೆ ಒಂದೇ ತೋಟಕ್ಕೆ ಮೂರು ನಾಲ್ಕು ಗುರುತುಗಳಿರುವುದು ಇಲ್ಲಿ ಹೊಸತಲ್ಲ. ಬೇರೆ ಜಿಲ್ಲೆಯ ವಕೀಲರಿಗೆ ಇದು ಅನುಮಾನಾಸ್ಪದವಾಗಿ ಕಾಣಬಹುದು. ಇಲ್ಲಿಯ ಹಳೆಯ ಕಾಗದಗಳನ್ನು ಓದಿದವರು ಅಷ್ಟು ಬೇಗ ಅನುಮಾನಕ್ಕೆ ಇಳಿಯುವುದಿಲ್ಲ.

ಹಾಗಾದರೆ ತಿದ್ದಿದ್ದು ಯಾವಾಗ ಎಂದು ತಿಳಿಯುವುದು ಹೇಗೆ? ನಿಮ್ಮ ಪ್ರಶ್ನೆಯ ತಿರುಳೇ ಇದು, ಮತ್ತು ಇದಕ್ಕೆ ಉತ್ತರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿದೆ. 1908ರ ನೋಂದಣಿ ಅಧಿನಿಯಮದ 20ನೇ ಕಲಮಿನ ಪ್ರಕಾರ, ಸಾಲುಗಳ ನಡುವಿನ ಬರಹ, ಖಾಲಿ ಜಾಗ, ಅಳಿಸುವಿಕೆ ಅಥವಾ ತಿದ್ದುವಿಕೆ ಇರುವ ದಸ್ತಾವೇಜನ್ನು, ಬರೆದುಕೊಟ್ಟವರು ಸಹಿ ಅಥವಾ ಕಿರುಸಹಿಯಿಂದ ದೃಢಪಡಿಸದಿದ್ದರೆ, ನೋಂದಣಾಧಿಕಾರಿ ತಿರಸ್ಕರಿಸಬಹುದು. ‘ತಿರಸ್ಕರಿಸಬಹುದು’ ಎಂದಿದೆಯೇ ಹೊರತು ತಿರಸ್ಕರಿಸಲೇಬೇಕು ಎಂದಿಲ್ಲ. ನೋಂದಾಯಿಸಿದರೆ ಮಾತ್ರ ಅಂಥ ತಿದ್ದುವಿಕೆಗಳ ಬಗ್ಗೆ ತನ್ನ ಪುಸ್ತಕದಲ್ಲಿ ಷರಾ ಬರೆಯಬೇಕಾದ ಕರ್ತವ್ಯ ಅವರ ಮೇಲಿದೆ. ಕಿರುಸಹಿ ಇಲ್ಲದ ಮಾತ್ರಕ್ಕೆ ತಿದ್ದುಪಡಿ ಆಮೇಲಿನದೆಂದು ಹೇಳಲಾಗದು ಎಂಬುದು ಇದರಿಂದಲೇ ತಿಳಿಯುತ್ತದೆ. 57ನೇ ಕಲಮಿನಡಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, 1974ರ ಆ ದಸ್ತಾವೇಜಿನ ದೃಢೀಕೃತ ಪ್ರತಿಯನ್ನು ತರಿಸಿಕೊಳ್ಳಿ.

ಪ್ರತಿ ಕೈಗೆ ಬಂದಾಗ ಷೆಡ್ಯೂಲಿನ ಆ ಸಾಲನ್ನು ಮೂಲದ ಪಕ್ಕ ಇಟ್ಟು ಓದಿ, ಬಳಿಕ ಕೊನೆಯ ಪುಟಕ್ಕೆ ಹೋಗಿ. ಹಳೆಯ ಕನ್ನಡ ದಸ್ತಾವೇಜುಗಳಲ್ಲಿ ಸಾಕ್ಷಿಗಳ ಸಹಿಗೆ ಸಮೀಪದಲ್ಲಿ, ಎಷ್ಟನೆಯ ಪುಟದ ಎಷ್ಟನೆಯ ಸಾಲಿನಲ್ಲಿ ಯಾವ ಅಕ್ಷರ ಹೊಡೆದು ಯಾವುದನ್ನು ಬರೆದಿದೆ ಎಂದು ಬರಹಗಾರ ಒಂದು ಸಣ್ಣ ಒಕ್ಕಣೆಯನ್ನು ಸೇರಿಸಿರುವುದುಂಟು. ಅಕ್ಷರ ಮಾಸಿ, ಮಡಿಕೆಯ ಗೆರೆಯಲ್ಲಿ ಸಿಕ್ಕಿ, ಅನೇಕರ ಕಣ್ಣಿಗೆ ಬೀಳದೆ ಹೋಗುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಕಚೇರಿಯ ಪ್ರತಿಯಲ್ಲಿ 8 ಎಂದೇ ಇದ್ದರೆ, ತಿದ್ದುಪಡಿ ನೋಂದಣಿಗೆ ಮೊದಲೇ ಆಗಿದೆ ಎಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ಕೊಳ್ಳುವವರ ವಕೀಲರ ಆಕ್ಷೇಪ ಅಲ್ಲಿಗೆ ಬಿದ್ದುಹೋಗುತ್ತದೆ. ಕಚೇರಿಯ ಪ್ರತಿಯಲ್ಲಿ 3 ಎಂದಿದ್ದರೆ, ನೋಂದಣಿಯ ಬಳಿಕ ಯಾರೋ ಮೂಲವನ್ನು ತಿದ್ದಿದ್ದಾರೆ ಅಥವಾ ಪ್ರತಿ ಮಾಡುವಾಗ ಕಚೇರಿಯಲ್ಲಿ ತಪ್ಪಾಗಿದೆ. ಪ್ರತಿಯ ತಪ್ಪಾಗಿದ್ದರೆ ಜಿಲ್ಲಾ ರಿಜಿಸ್ಟ್ರಾರರಿಗೆ ಅರ್ಜಿ ಕೊಡಬೇಕು. ಪುಸ್ತಕಗಳಲ್ಲಿನ ತಪ್ಪನ್ನು ಸರಿಪಡಿಸುವ ಬಗ್ಗೆ ಆದೇಶ ನೀಡುವ ಅಧಿಕಾರ 68ನೇ ಕಲಮಿನಡಿ ಅವರಿಗಿದೆ. ನೋಂದಣಿಯ ಬಳಿಕವೇ ಯಾರೋ ತಿದ್ದಿದ್ದಾರೆ ಎಂದಾದರೂ, ಆ ಯಾರೋ ನೀವಲ್ಲ, ಮತ್ತು 1974ರಲ್ಲಿ ಪಾಲಾಗಿ ನಿಮ್ಮ ತಂದೆಗೆ ಬಂದ ಹಕ್ಕು, ಆಮೇಲೆ ಕಾಗದದ ಮೇಲೆ ಬಿದ್ದ ಒಂದು ಗೆರೆಯಿಂದ ಮರಳಿ ಹೋಗುವುದಿಲ್ಲ. ಆಗ ಉಳಿಯುವ ಕೆಲಸ ತಪ್ಪು ತಿದ್ದುಪಡಿ ಪತ್ರವನ್ನು ಹೊಸದಾಗಿ ಬರೆಸಿ ನೋಂದಾಯಿಸುವುದು. 1974ರಲ್ಲಿ ಸಹಿ ಹಾಕಿದವರು, ತೀರಿಕೊಂಡಿದ್ದರೆ ಅವರ ವಾರಸುದಾರರು, ಎಲ್ಲರೂ ಸೇರಬೇಕು. ಒಬ್ಬರು ಮಂಗಳೂರಿನಲ್ಲಿ, ಒಬ್ಬರು ಗಲ್ಫಿನಲ್ಲಿ ಎಂಬಂಥ ನಮ್ಮ ಕುಟುಂಬಗಳಲ್ಲಿ ಇದು ಕಷ್ಟದ ಕೆಲಸವೇ. ಅಧಿಕಾರಪತ್ರದ ಮೂಲಕ ಮಾಡಬಹುದು. ಯಾರಾದರೂ ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 26ನೇ ಕಲಮಿನಡಿ ತಿದ್ದುಪಡಿಗಾಗಿಯೋ, ಹಕ್ಕು ಘೋಷಣೆಗಾಗಿಯೋ ದಾವೆ ಹೂಡಬೇಕಾದೀತು. ಇಷ್ಟು ವರ್ಷಗಳ ತೀರ್ವೆ ರಸೀದಿ, ತಂಡಪೇರು ಖಾತೆ (ವಿಲೇಜ್ ಆಫೀಸಿನಲ್ಲಿರುವ ಭೂಮಿಯ ಖಾತೆ), ವಿಲೇಜ್ ಆಫೀಸಿನ ಸ್ವಾಧೀನ ಪತ್ರ, ಇವನ್ನೆಲ್ಲ ಈಗಿನಿಂದಲೇ ಒಟ್ಟುಮಾಡಿ.

ಚಿಕ್ಕಪ್ಪನ ಸಹಿಯ ಬಗ್ಗೆ ನನಗೆ ನಿಜಕ್ಕೂ ಕಳವಳವಿದೆ, ಏಕೆಂದರೆ ಒಳ್ಳೆಯ ಮನಸ್ಸಿನವರು ಕೊಡುವ ಈ ಸಲಹೆಯಿಂದ ಶುದ್ಧವಾದ ಆಸ್ತಿಗಳೂ ವಿವಾದಕ್ಕೆ ಬಿದ್ದಿವೆ. ತಾರೀಕು ಹಾಕದ ಸಹಿ, 1974ರಲ್ಲೇ ಹಾಕಿದ್ದು ಎಂಬ ತೋರಿಕೆಯನ್ನು ಹುಟ್ಟಿಸುತ್ತದೆ. ಆ ತೋರಿಕೆ ಹುಟ್ಟಲಿ ಎಂಬುದೇ ಸಹಿಯ ಉದ್ದೇಶ ಕೂಡ. ಮುಂದೆ ಯಾರಾದರೂ ದೃಢೀಕೃತ ಪ್ರತಿ ತೆಗೆದು ಹೋಲಿಸಿದರೆ, ಅಲ್ಲಿ ಇಲ್ಲದ ಕಿರುಸಹಿ ಇಲ್ಲಿ ಇರುವುದು ಕಾಣುತ್ತದೆ; ಅದುವರೆಗೆ ಯಾರದೋ ಕಾಲದ ಮುಗ್ಧ ತಿದ್ದುಪಡಿಯಾಗಿದ್ದದ್ದು, ನಿಮ್ಮ ಕಾಲದ, ನಿಮ್ಮ ತಿಳಿವಳಿಕೆಯಲ್ಲಿ ನಡೆದ ಕೃತ್ಯವಾಗುತ್ತದೆ. ಆಸ್ತಿಯ ಹಕ್ಕನ್ನು ಸೃಷ್ಟಿಸುವ ದಸ್ತಾವೇಜನ್ನು ನಕಲಿಯಾಗಿ ಸೃಷ್ಟಿಸಿದ್ದಕ್ಕೆ ನ್ಯಾಯ ಸಂಹಿತೆಯ 338ನೇ ಕಲಮಿನಲ್ಲಿ ಜೀವಾವಧಿ ಅಥವಾ 10 ವರ್ಷದವರೆಗಿನ ಶಿಕ್ಷೆಯಿದೆ. ಅದನ್ನು ಅಸಲಿಯೆಂದು ಬಳಸಿದವರನ್ನು 340ನೇ ಕಲಮು ಹಿಡಿಯುತ್ತದೆ. ಅಪ್ರಾಮಾಣಿಕ ಉದ್ದೇಶವಿರಲಿಲ್ಲ ಎಂದು ಕೊನೆಗೆ ನ್ಯಾಯಾಲಯ ಒಪ್ಪಬಹುದು. ಅಲ್ಲಿಯವರೆಗಿನ ವರ್ಷಗಳನ್ನು ಹಿಂದಕ್ಕೆ ಕೊಡುವವರು ಯಾರು? ಇನ್ನೊಂದು ನಷ್ಟವೂ ಇದೆ. ಮೂವತ್ತು ವರ್ಷ ದಾಟಿದ ದಸ್ತಾವೇಜು ಸರಿಯಾದ ಕೈಯಿಂದ ಹಾಜರಾದರೆ, ಅದರ ಬರವಣಿಗೆ ಮತ್ತು ಸಹಿಗಳು ಅಸಲಿ ಎಂದು ಭಾವಿಸಲು ಸಾಕ್ಷ್ಯ ಕಾನೂನು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ. ಆ ಭಾವನೆಯ ಬಲವನ್ನು ಹೊಸ ಶಾಯಿ ಕೆಡಿಸುತ್ತದೆ. ಚಿಕ್ಕಪ್ಪನಿಗೆ 1974ರ ಸಂಗತಿ ನೆನಪಿದ್ದರೆ, ಬೇರೆ ಕಾಗದದಲ್ಲಿ, ಇಂದಿನ ತಾರೀಕಿನಲ್ಲಿ, ನೋಟರಿಯ ಎದುರು ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿ. ಅದೇ ಮಾತಿಗೆ ಅಲ್ಲಿ ಬೆಲೆಯಿದೆ.

ಮೀಟರಿನ ವಿಷಯ ಬೇರೆ ಜಾತಿಯದು, ಏಕೆಂದರೆ ಇಲ್ಲಿ ಶಾಸನವೇ ಈ ಶಬ್ದವನ್ನು ಬಳಸಿದೆ, ಅದೂ ಎರಡು ಕಡೆ, ಎರಡು ಬೇರೆ ಪರಿಣಾಮಗಳೊಂದಿಗೆ. 2003ರ ವಿದ್ಯುತ್ ಅಧಿನಿಯಮದ 135ನೇ ಕಲಮು ವಿದ್ಯುತ್ ಕಳವಿನದು. ಅಪ್ರಾಮಾಣಿಕವಾಗಿ ಮೀಟರನ್ನು ಟ್ಯಾಂಪರ್ ಮಾಡಿದವನು, ಟ್ಯಾಂಪರ್ ಆದ ಮೀಟರಿನ ಮೂಲಕ ವಿದ್ಯುತ್ ಬಳಸಿದವನು 3 ವರ್ಷದವರೆಗಿನ ಸೆರೆವಾಸಕ್ಕೆ ಅಥವಾ ದಂಡಕ್ಕೆ ಗುರಿಯಾಗುತ್ತಾನೆ. ‘ಅಪ್ರಾಮಾಣಿಕವಾಗಿ’ ಎಂಬುದು ಆ ಕಲಮಿನ ಮೊದಲ ಸಾಲಿನಲ್ಲೇ ಇದೆ. ಆದರೆ ಕೃತಕ ಸಾಧನವೊಂದು ಅಲ್ಲಿದ್ದದ್ದು ಸಾಬೀತಾದರೆ, ಅಪ್ರಾಮಾಣಿಕತೆ ಗ್ರಾಹಕನದೇ ಎಂದು ಭಾವಿಸಿ, ಹಾಗಲ್ಲವೆಂದು ತೋರಿಸುವ ಹೊರೆಯನ್ನು ಅವನ ಮೇಲೆ ಹಾಕುವ ಮಾತೂ ಅಲ್ಲೇ ಇದೆ. 126ನೇ ಕಲಮು ಅನಧಿಕೃತ ಬಳಕೆಯದು. ಟ್ಯಾಂಪರ್ ಆದ ಮೀಟರಿನ ಮೂಲಕದ ಬಳಕೆಯೂ ಅದರ ವ್ಯಾಖ್ಯೆಯಲ್ಲಿ ಸೇರಿದೆ, ಮತ್ತು ಅಲ್ಲಿ ಉದ್ದೇಶದ ಪ್ರಶ್ನೆಯೇ ಏಳುವುದಿಲ್ಲ. ಈ ವ್ಯತ್ಯಾಸವನ್ನು 2011ರಲ್ಲಿ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡಿಸಿ ಹೇಳಿದೆ. ನಿಮಗೆ ಬಂದಿರುವುದು ತಾತ್ಕಾಲಿಕ ನಿರ್ಧಾರದ ಬಿಲ್ಲಾದ್ದರಿಂದ ಅದು 126ರಡಿಯದು. ಕಳವಿನ ದೂರಾಗಿದ್ದರೆ ಸಂಪರ್ಕ ಕಡಿದ 24 ಗಂಟೆಯೊಳಗೆ ಅಧಿಕಾರಿ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಬೇಕಿತ್ತು. ಹಾಗೆ ನಡೆದಂತೆ ನೀವು ಬರೆದಿಲ್ಲ. ಹೀಗಾಗಿ ಈಗ ನಿಮ್ಮ ಮೇಲಿರುವುದು ಹಣದ ಹೊಣೆಯ ಪ್ರಶ್ನೆ, ಅಪರಾಧದ ಆರೋಪವಲ್ಲ.

ಹಣದ ಹೊಣೆಯೂ ಸಣ್ಣದೇನಲ್ಲ. ಅನಧಿಕೃತ ಬಳಕೆ ಎಂದಿನಿಂದ ಎಂದು ತಿಳಿಯದಿದ್ದರೆ ತಪಾಸಣೆಗೆ ಹಿಂದಿನ 12 ತಿಂಗಳಿಗೆ, ದರದ ಇಮ್ಮಡಿಯಲ್ಲಿ ಲೆಕ್ಕ ಹಾಕಲಾಗುತ್ತದೆ. ತಾತ್ಕಾಲಿಕ ಆದೇಶ ತಲುಪಿದ 30 ದಿನಗಳೊಳಗೆ ನಿಮ್ಮ ಆಕ್ಷೇಪ ಕೇಳಿ ಅಂತಿಮ ಆದೇಶ ಆಗಬೇಕಾದ್ದರಿಂದ, ಆಕ್ಷೇಪವನ್ನು ಈ ವಾರವೇ ಕೊಡಿ. ಅದರಲ್ಲಿ ನೀವು ಎತ್ತಬೇಕಾದ ಪ್ರಶ್ನೆ ಒಂದೇ: ಮುದ್ರೆಯ ತಂತಿ ತುಂಡಾದ ಮಾತ್ರಕ್ಕೆ ಮೀಟರು ಟ್ಯಾಂಪರ್ ಆಯಿತೇ, ಅದು ಅಳತೆಯನ್ನು ತಪ್ಪಿಸುತ್ತಿತ್ತೇ? ಮುದ್ರೆ ಮೀಟರಿನ ಕಾವಲು. ಅದು ಹೋದರೆ ಅನುಮಾನ ಏಳುವುದು ಸಹಜ, ಗ್ರಾಹಕನು ಅದನ್ನು ಯಾವ ಕಾರಣಕ್ಕೂ ಮುರಿಯಬಾರದು ಎಂಬ ನಿಯಮವೂ ಇದೆ. ಆದರೆ ಮಳೆಗಾಲದ ತುಕ್ಕು, ತುಲಾ ತಿಂಗಳ ಸಿಡಿಲು, ಪಂಪ್ ಶೆಡ್ಡಿನ ಇಲಿಗಳು ಇರುವ ಊರಿನಲ್ಲಿ ತಂತಿ ತುಂಡಾಗಲು ಮನುಷ್ಯನ ಕೈಯೇ ಬೇಕೆಂದಿಲ್ಲ. ಆದ್ದರಿಂದ ಮೀಟರನ್ನು ನಿಮ್ಮ ಎದುರಿನಲ್ಲಿ ಮುದ್ರೆ ಹಾಕಿದ ಕಟ್ಟಿನಲ್ಲಿ ಅಂಗೀಕೃತ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಬೇಕೆಂದು ಕೇಳಿ. ಈಗಿನ ಇಲೆಕ್ಟ್ರಾನಿಕ್ ಮೀಟರುಗಳಲ್ಲಿ ಮುಚ್ಚಳ ತೆರೆದದ್ದು, ಅಯಸ್ಕಾಂತ ಇಟ್ಟದ್ದು ಮೊದಲಾದ ಘಟನೆಗಳನ್ನು ತಾರೀಕು ಸಮೇತ ಒಳಗಿನ ಸ್ಮೃತಿಯಲ್ಲಿ ದಾಖಲಿಸುವ ವ್ಯವಸ್ಥೆ ಇರುತ್ತದೆ. ನಿಮ್ಮದು ಅಂಥ ಮೀಟರಾದರೆ ಆ ದಾಖಲೆಯ ಪ್ರತಿಯನ್ನೂ ಕೇಳಿ. ಒಂದೆರಡು ವರ್ಷಗಳ ಬಿಲ್ಲುಗಳನ್ನು ಲಗತ್ತಿಸಿ, ಬೇಸಗೆಯಲ್ಲಿ ತೋಟಕ್ಕೆ ನೀರು ಹಾಯಿಸುವಾಗ ಬಳಕೆ ಏರಿ ಮಳೆಗಾಲದಲ್ಲಿ ಇಳಿಯುವ ಕ್ರಮ ಎಲ್ಲೂ ಮುರಿದಿಲ್ಲ ಎಂದು ತೋರಿಸಿ. ಅಂತಿಮ ಆದೇಶ ವಿರುದ್ಧವಾದರೆ 127ನೇ ಕಲಮಿನಡಿ 30 ದಿನಗಳೊಳಗೆ ಮೇಲ್ಮನವಿಯಿದೆ, ಆದರೆ ನಿರ್ಧರಿಸಿದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು; ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಬಾಗಿಲನ್ನು ಶಾಸನ ಮುಚ್ಚಿದೆ.

ಇಲ್ಲಿ ಒಂದು ಮಾತನ್ನು ನಮ್ಮೂರಿನ ಎಲ್ಲ ಕನ್ನಡಿಗರಿಗೂ ಹೇಳಬೇಕೆನಿಸುತ್ತದೆ. ಮಹಜರು ಮಲಯಾಳದಲ್ಲಿರುತ್ತದೆ, ನಡುವೆ ಒಂದೆರಡು ಇಂಗ್ಲಿಷ್ ಶಬ್ದಗಳು. ಓದಲು ಬಾರದ ನಮ್ಮ ಹಿರಿಯರು ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಹಾಕುವ ಮೊದಲು ಓದಿ ಹೇಳಿಸಿಕೊಳ್ಳಿ, ಒಪ್ಪಿಗೆಯಿಲ್ಲದ ಮಾತಿದ್ದರೆ ಸಹಿಯ ಮೇಲೆಯೇ ಕನ್ನಡದಲ್ಲಿ ‘ತಂತಿ ತುಂಡಾಗಿರುವುದು ಮಾತ್ರ ನಿಜ, ಉಳಿದದ್ದನ್ನು ಒಪ್ಪುವುದಿಲ್ಲ’ ಎಂದು ಬರೆಯಿರಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಅಧಿನಿಯಮ ನಮಗೆ ಕೊಟ್ಟಿದೆ. ರಿಜಿಸ್ಟ್ರಾರ್ ಕಚೇರಿ, ವಿಲೇಜ್ ಆಫೀಸುಗಳಲ್ಲಿ ಅದನ್ನು ಸಂಕೋಚವಿಲ್ಲದೆ ಬಳಸಿ. ವಿದ್ಯುತ್ ಬಿಲ್ಲಿನ ಆಕ್ಷೇಪಕ್ಕೆ ಮಾತ್ರ, ಸಮಯ ಕಳೆಯದಿರಲೆಂದು, ಮಲಯಾಳ ಅಥವಾ ಇಂಗ್ಲಿಷ್ ಅನುವಾದವನ್ನು ಜೊತೆಗಿಡುವುದು ಲೇಸು.

ಇನ್ನು ರೆಕಾರ್ಡಿಂಗ್. ಬೇಕಾದಷ್ಟನ್ನು ಕತ್ತರಿಸಿ ಕಳಿಸುವುದು ವಾಟ್ಸಾಪಿನ ಕಾಲದಲ್ಲಿ ಎಲ್ಲರೂ ಮಾಡುವ ಕೆಲಸ, ಆದರೆ ಸಾಕ್ಷ್ಯದ ದೃಷ್ಟಿಯಿಂದ ಅದು ಕೈಯಾರೆ ತಂದುಕೊಳ್ಳುವ ನಷ್ಟ. ಟೇಪ್ ರೆಕಾರ್ಡರ್ ಕಾಲದಲ್ಲೇ, 1972ರ ಮಲ್ಕಾನಿ ಪ್ರಕರಣದಲ್ಲಿ, ಧ್ವನಿಯನ್ನು ಗುರುತಿಸಿರಬೇಕು, ಟೇಪನ್ನು ಅಳಿಸಿರುವ ಸಾಧ್ಯತೆ ಇಲ್ಲವೆಂದು ತೋರಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ನಮ್ಮದೇ ರಾಜ್ಯದ ಚುನಾವಣಾ ತಕರಾರಿನಿಂದ ಹುಟ್ಟಿದ 2014ರ ಅನ್ವರ್ ಪ್ರಕರಣದಲ್ಲಿ, ಇಲೆಕ್ಟ್ರಾನಿಕ್ ದಾಖಲೆಗಳು ಟ್ಯಾಂಪರಿಂಗಿಗೆ ಸುಲಭವಾಗಿ ಈಡಾಗುವುದರಿಂದಲೇ ಪ್ರಮಾಣಪತ್ರದ ಕಟ್ಟುನಿಟ್ಟು ಬೇಕು ಎಂದಿತು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಕಡತದ ಹ್ಯಾಷ್ ಮೌಲ್ಯವನ್ನೂ, ಅಂದರೆ ಕಡತದಿಂದಲೇ ಲೆಕ್ಕ ಹಾಕಿ ಪಡೆಯುವ ಬೆರಳಚ್ಚಿನಂಥ ಸಂಕೇತವನ್ನೂ, ನಮೂದಿಸಬೇಕು. ಕಡತದಲ್ಲಿ ಒಂದು ಕ್ಷಣದ ಧ್ವನಿ ಕಡಿಮೆಯಾದರೂ ಆ ಮೌಲ್ಯ ಬೇರೆಯಾಗುತ್ತದೆ. ಕತ್ತರಿಸಿದ ತುಣುಕನ್ನು ಕೇಳಿದವರ ಮೊದಲ ಪ್ರಶ್ನೆ ‘ಬಿಟ್ಟ ಭಾಗದಲ್ಲಿ ಏನಿತ್ತು’ ಎಂಬುದೇ. ಪೂರ್ತಿ ಕಡತವನ್ನು ಅದೇ ಫೋನಿನಲ್ಲಿ ಹಾಗೆಯೇ ಇರಗೊಡಿ, ಹೆಸರನ್ನೂ ಬದಲಿಸಬೇಡಿ, ಒಂದು ಯಥಾಪ್ರತಿಯನ್ನು ಬೇರೆಡೆ ಇಡಿ, ಫೋನ್ ಹಳತಾಯಿತೆಂದು ಮಾರಬೇಡಿ. ಆಕ್ಷೇಪದಲ್ಲಿ, ಇಂಥ ದಿನದ ಸಂಭಾಷಣೆಯ ಪೂರ್ಣ ಧ್ವನಿಮುದ್ರಣ ನನ್ನಲ್ಲಿದೆ, ಕೇಳಿದಾಗ ಹಾಜರುಪಡಿಸುತ್ತೇನೆ ಎಂದಷ್ಟೇ ಬರೆಯಿರಿ.

ಸಾಕ್ಷ್ಯವಸ್ತುವಿನ ಮೇಲಿನ ಸಣ್ಣ ಕೈವಾಡ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಕೇರಳದಲ್ಲೇ ಒಂದು ಪ್ರಸಿದ್ಧ ನಿದರ್ಶನವಿದೆ. 1990ರಲ್ಲಿ ತಿರುವನಂತಪುರ ವಿಮಾನ ನಿಲ್ದಾಣದಲ್ಲಿ ಒಳಉಡುಪಿನಲ್ಲಿ ಮಾದಕ ವಸ್ತು ಅಡಗಿಸಿದ್ದನೆಂದು ಸಿಕ್ಕಿಬಿದ್ದ ವಿದೇಶಿಯನಿಗೆ ಕೆಳ ನ್ಯಾಯಾಲಯ 10 ವರ್ಷದ ಶಿಕ್ಷೆ ವಿಧಿಸಿತ್ತು; ಆ ಉಡುಪು ಅವನ ಮೈಗೆ ಹಿಡಿಸುವುದೇ ಇಲ್ಲವೆಂಬ ಕಾರಣಕ್ಕೆ ಹೈಕೋರ್ಟು ಅವನನ್ನು ಬಿಟ್ಟಿತು; ನ್ಯಾಯಾಲಯದ ವಶದಲ್ಲಿದ್ದಾಗ ಉಡುಪನ್ನು ಚಿಕ್ಕದು ಮಾಡಲಾಗಿತ್ತೆಂಬ ಆರೋಪದ ಮೊಕದ್ದಮೆ ಆಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿತು, 2024ರ ನವೆಂಬರಿನಲ್ಲಿ ವಿಚಾರಣೆ ಮುಂದುವರಿಯಲೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು.

ಕೆಲಸಗಳ ಅನುಕ್ರಮ ಹೀಗಿರಲಿ. ವಿದ್ಯುತ್ ಬಿಲ್ಲಿನ ಆಕ್ಷೇಪಕ್ಕೆ ಗಡುವಿದೆ, ಅದು ಮೊದಲು. ಕೊಟ್ಟದ್ದಕ್ಕೆ ಮುದ್ರೆ ಹಾಕಿದ ರಸೀದಿ ತೆಗೆದುಕೊಳ್ಳಿ. ಅದೇ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಕೊಳ್ಳುವವರ ವಕೀಲರಿಗೆ ಸದ್ಯಕ್ಕೆ ಎರಡೇ ಸಾಲು ಬರೆಯಿರಿ: ಮೂಲ ದಸ್ತಾವೇಜು ಇರುವ ಸ್ಥಿತಿಯಲ್ಲೇ ಇದೆ, ನೋಂದಣಿ ಕಚೇರಿಯ ಪ್ರತಿ ಬಂದ ಕೂಡಲೇ ಎರಡನ್ನೂ ಅವರ ಮುಂದೆ ಇಡುತ್ತೇವೆ. ಆ ಪ್ರತಿ ಬರುವವರೆಗೆ ಮುಂಗಡ ಹಣ ತೆಗೆದುಕೊಳ್ಳಬೇಡಿ, ಮತ್ತು ಪಾಲುಪಟ್ಟಿಯನ್ನು ಲ್ಯಾಮಿನೇಟ್ ಮಾಡಿಸಲೂ ಹೋಗಬೇಡಿ. ಶಾಯಿಯ ಪರೀಕ್ಷೆ ಬೇಕಾಗಿ ಬಂದರೆ ಪ್ಲಾಸ್ಟಿಕ್ಕಿನ ಒಳಗಿರುವ ಕಾಗದ ತಜ್ಞರಿಗೆ ಕಷ್ಟ ಕೊಡುತ್ತದೆ.